ಗೇರು ಅರಿತವನಿಗೆ ಎಣ್ಣೆ ಉಳಿತಾಯ

ನಮ್ಮ ತಾಳವಾಡಿ ಸೀಮೆಯಲ್ಲಿ ಈಗ ರೈತರ ಮನೆಯ ಮುಂದೆಯೂ ಕಾರು, ಪಿಕಪ್ ಗಾಡಿಗಳು ನಿಂತಿವೆ. ಸಂತೋಷದ ಮಾತೇ. ಆದರೆ ಕೋಸು, ಟೊಮೇಟೊ ಬೆಳೆದರೆ ಸಾಲದು. ಅವನ್ನು ದಿಂಬಂ ಘಾಟಿ ಇಳಿಸಿ ಸತ್ಯಮಂಗಲ ಮುಟ್ಟಿಸಬೇಕು. ಬೀಜ ಗೊಬ್ಬರಗಳಂತೆ ಡೀಸೆಲ್ಲೂ ಬೇಸಾಯದ ಖರ್ಚೇ. ಆದಕಾರಣ ಈ ವಾರ ಗೇರಿನ ವಿಚಾರವನ್ನು ಎತ್ತಿಕೊಂಡಿದ್ದೇವೆ.

ಗೇರಿನ ಲೆಕ್ಕ ಹಿಟ್ಟಿನ ಗಿರಣಿಯ ಚಕ್ರಗಳ ಲೆಕ್ಕದಂತೆಯೇ. ಚಿಕ್ಕ ಚಕ್ರ ಹಲವು ಸುತ್ತು ತಿರುಗಿ ದೊಡ್ಡ ಚಕ್ರವನ್ನು ಒಂದು ಸುತ್ತು ತಿರುಗಿಸಿದರೆ ವೇಗ ಕಡಿಮೆ, ಬಲ ಹೆಚ್ಚು. ಗಾಡಿಯ ಒಂದನೆಯ ಗೇರಿನಲ್ಲಿ ಎಂಜಿನು ಮೂರು ನಾಲ್ಕು ಸುತ್ತು ತಿರುಗಿದಾಗ ಗೇರು ಪೆಟ್ಟಿಗೆಯಿಂದ ಹೊರಬರುವ ದಂಡ ಒಂದು ಸುತ್ತು ತಿರುಗುತ್ತದೆ. ಹಳೆಯ ಅಂಬಾಸಡರ್ ಕಾರಿನ ಕಡೆಯ ಗೇರು ನಾಲ್ಕನೆಯದು. ಅದರಲ್ಲಿ ಒಂದಕ್ಕೆ ಒಂದು. ಈಗಿನ ಬಹಳಷ್ಟು ಗಾಡಿಗಳಲ್ಲಿ ಇದರ ಮೇಲೆ ಇನ್ನೊಂದು ಗೇರುಂಟು. ಅಲ್ಲಿ ಎಂಜಿನಿಗಿಂತ ದಂಡವೇ ಹೆಚ್ಚು ತಿರುಗುತ್ತದೆ. ಇದಕ್ಕೆ ಓವರ್‌ಡ್ರೈವ್ ಎಂದು ಹೆಸರು. ಇದರ ಪ್ರಮಾಣ ೦.೮ ಎಂದಿಟ್ಟುಕೊಳ್ಳೋಣ. ನೇರ ಗೇರಿನಲ್ಲಿ ನಿಮಿಷಕ್ಕೆ ೨,೫೦೦ ಸುತ್ತು ತಿರುಗುತ್ತಿದ್ದ ಎಂಜಿನಿಗೆ, ಗಾಡಿಯ ವೇಗ ಅಷ್ಟೇ ಇದ್ದರೂ, ಇಲ್ಲಿ ೨,೦೦೦ ಸುತ್ತು ಸಾಕು.

ಉಳಿತಾಯ ಇರುವುದು ಇಲ್ಲಿಯೇ. ಹೊರೆ ಇರಲಿ, ಇಲ್ಲದಿರಲಿ, ಎಂಜಿನು ಪ್ರತಿ ಸುತ್ತಿಗೂ ತನ್ನ ಒಳಗಿನ ತಿಕ್ಕಾಟಕ್ಕೆಂದು ಒಂದಿಷ್ಟು ಎಣ್ಣೆ ತಿನ್ನುತ್ತದೆ. ಸುತ್ತು ಕಡಿಮೆಯಾದಷ್ಟೂ ಈ ದಂಡದ ಖರ್ಚು ತಗ್ಗುತ್ತದೆ. ಸತ್ಯಮಂಗಲ ದಾಟಿ ಕೊಯಮತ್ತೂರಿನ ಕಡೆ ಸಮತಟ್ಟಾದ ದಾರಿ ಸಿಕ್ಕಿದ ಮೇಲೂ ಮೂರನೆಯ ಗೇರಿನಲ್ಲಿ ಎಂಜಿನನ್ನು ಕೂಗಿಸುತ್ತ ಹೋಗುವುದು ಎಣ್ಣೆಯನ್ನು ಮಣ್ಣಿಗೆ ಸುರಿದಂತೆ.

ಹಾಗೆಂದು ಮೇಲಿನ ಗೇರೇ ಎಲ್ಲ ಕಾಲಕ್ಕೂ ಒಳ್ಳೆಯದೆಂದು ಯಾರೂ ತಿಳಿಯಬಾರದು. ತುಂಬಿದ ಗಾಡಿ ಏರಿನಲ್ಲಿ ಮುಕ್ಕಿರಿಯುತ್ತಿದ್ದರೂ ಗೇರು ಇಳಿಸದೆ ಆಕ್ಸಿಲರೇಟರನ್ನು ಒತ್ತಿ ಹಿಡಿದರೆ ಎಂಜಿನು ನಡುಗುತ್ತದೆ, ಡೀಸೆಲ್ ಗಾಡಿಯಾದರೆ ಕರಿಹೊಗೆ ಕಾರುತ್ತದೆ. ಹೊಗೆಯಾಗಿ ಹೋಗುವುದೂ ನಮ್ಮ ಹಣವೇ. ಇನ್ನು ಓವರ್‌ಡ್ರೈವ್ ಇದೆಯೆಂದು ವೇಗ ಏರಿಸಿದರೆ ಉಳಿಸಿದ್ದು ಗಾಳಿಯ ಪಾಲು. ೮೦ ಕಿಲೋಮೀಟರ್ ವೇಗದಿಂದ ೧೦೦ಕ್ಕೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗೂ ಮಿಗುತ್ತದೆ.

ಕಡೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ದಿಂಬಂ ಘಾಟಿಯಲ್ಲಿ ೨೭ ಕಡಿದಾದ ತಿರುವುಗಳಿವೆ. ಇಂಥ ಇಳಿಜಾರಿನಲ್ಲಿ ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್‌ಗೆ ಹಾಕಿ ಗಾಡಿಯನ್ನು ಉರುಳಬಿಡುವ ಚಾಳಿಯನ್ನು ನಾವು ಬಲವಾಗಿ ಖಂಡಿಸುತ್ತೇವೆ. ಇದರಲ್ಲಿ ಲಾಭವೇ ಇಲ್ಲ. ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂದಿನ ಎಂಜಿನುಗಳು ಇಳಿಜಾರಿನಲ್ಲಿ ಎಣ್ಣೆಯನ್ನು ತಾವಾಗಿಯೇ ನಿಲ್ಲಿಸಿಬಿಡುತ್ತವೆ. ಚಕ್ರಗಳೇ ಎಂಜಿನನ್ನು ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಾದರೋ ಎಂಜಿನು ಆರದಿರಲು ಎಣ್ಣೆ ಬೇಕೇ ಬೇಕು. ಎಂಜಿನನ್ನೇ ಆರಿಸಿಬಿಟ್ಟರೆ ಬ್ರೇಕಿಗೆ ಸಿಗುವ ನೆರವು ತಪ್ಪುತ್ತದೆ, ಸ್ಟಿಯರಿಂಗ್ ಬಿಗಿಯುತ್ತದೆ. ಗೇರಿನ ತಡೆಯಿಲ್ಲದೆ ಇಡೀ ಭಾರ ಬ್ರೇಕಿನ ಮೇಲೆಯೇ ಬಿದ್ದು, ಅದು ಕಾದು, ಬೇಕಾದ ತಿರುವಿನಲ್ಲಿ ಹಿಡಿಯದೆ ಹೋಗುತ್ತದೆ. ಉಳಿಯದ ಡೀಸೆಲ್ಲಿಗಾಗಿ ಜೀವವನ್ನು ಪಣಕ್ಕಿಡುವುದು ಯಾವ ಜಾಣತನ?

ಏರುವ ಗೇರಿನಲ್ಲಿಯೇ ಇಳಿಯಬೇಕೆಂಬುದು ಘಾಟಿ ಬಲ್ಲ ಹಿರಿಯ ಚಾಲಕರ ಮಾತು. ಸಮತಟ್ಟಿನಲ್ಲಿ ಮೇಲಿನ ಗೇರು, ಹದವಾದ ವೇಗ. ಏರಿನಲ್ಲೂ ಇಳಿತದಲ್ಲೂ ಕೆಳಗಿನ ಗೇರು. ರೈತ ಬಾಂಧವರು ಇದನ್ನು ತಾವು ಪಾಲಿಸುವುದಲ್ಲದೆ, ಗಾಡಿ ಹಿಡಿದ ಮನೆಯ ಹುಡುಗರಿಗೂ ತಿಳಿಹೇಳಬೇಕೆಂದು ನಮ್ಮ ವಿನಂತಿ.