‘ಒಪ್ಪಿಕೊಂಡ’ ಎಂಬ ಮಾತಿಗೆ ಎಷ್ಟು ತೂಕ?

ಬೆಳಿಗ್ಗೆ ಮಾಗಡಿಯಿಂದ ಬೆಂಗಳೂರಿಗೆ ಹೊರಡುವ ಬಸ್ಸಿನಲ್ಲಿ ಕೂತರೆ, ತಾವರೆಕೆರೆ ದಾಟುವಷ್ಟರಲ್ಲಿ ಅಕ್ಕಪಕ್ಕದ ಮೊಬೈಲುಗಳಲ್ಲಿ ಅಪರಾಧ ಸುದ್ದಿ ಓಡುತ್ತಿರುತ್ತದೆ. ‘ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ’ ಎಂಬ ಸಾಲು ಬಂತೆಂದರೆ ಮುಗಿಯಿತು. ‘ಅವನೇ ಒಪ್ಪಿಕೊಂಡ ಮೇಲೆ ಇನ್ನೇನು ಕೋರ್ಟು, ಕಚೇರಿ?’ ಎಂದು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. 2025ರ ಏಪ್ರಿಲ್‌ವರೆಗೆ ನಾನೂ ಹಾಗೆಯೇ ಅಂದುಕೊಂಡಿದ್ದೆ.

ಆ ತಿಂಗಳು ಮೈಸೂರಿನ ಸೆಷನ್ಸ್ ನ್ಯಾಯಾಲಯ ಕುಶಾಲನಗರ ಬಳಿಯ ಕೂಲಿ ಕಾರ್ಮಿಕರೊಬ್ಬರನ್ನು ಕೊಲೆ ಪ್ರಕರಣದಿಂದ ಖುಲಾಸೆ ಮಾಡಿತು. 2020ರಲ್ಲಿ ಅವರ ಪತ್ನಿ ಕಾಣೆಯಾಗಿದ್ದರು. ಬೆಟ್ಟದಪುರ ಠಾಣೆ ವ್ಯಾಪ್ತಿಯಲ್ಲಿ ಸಿಕ್ಕ ಅಸ್ಥಿಪಂಜರ ಆಕೆಯದೇ ಎಂದು ತೀರ್ಮಾನಿಸಿದ ಪೊಲೀಸರು ಗಂಡನ ಮೇಲೆ ಕೊಲೆ ಆರೋಪ ಹೊರಿಸಿದರು. ಡಿಎನ್‌ಎ ಹೊಂದಲಿಲ್ಲ. ಆದರೂ ಅವರು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದರು. ಏಪ್ರಿಲ್ 1ರಂದು ‘ಕೊಲೆಯಾದ’ ಹೆಂಡತಿ ಮಡಿಕೇರಿಯ ಹೋಟೆಲಿನಲ್ಲಿ ಜೀವಂತವಾಗಿ ಕಾಣಿಸಿಕೊಂಡರು! ಒತ್ತಡ ಹೇರಿ ತಪ್ಪೊಪ್ಪಿಗೆ ಪಡೆಯಲಾಗಿತ್ತು ಎಂಬುದು ಅವರ ವಕೀಲರ ಆರೋಪ. ನ್ಯಾಯಾಲಯ 1 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆದೇಶಿಸಿತು.

ಹಾಗಾದರೆ ಠಾಣೆಯಲ್ಲಿ ಆಡಿದ ಮಾತಿಗೆ ಕೋರ್ಟಿನಲ್ಲಿ ಎಷ್ಟು ಬೆಲೆ? ಬಂಧನವೇ ಕಾನೂನುಬಾಹಿರವಾಗಿದ್ದರೆ ಆ ಮಾತು ಏನಾಗುತ್ತದೆ? ಎಂಜಿನಿಯರಿಂಗ್ ಓದುತ್ತಿರುವ ನನಗೆ ಇದು ಪಠ್ಯದಲ್ಲಿಲ್ಲ. ಆದರೆ ನಾಳೆ ನಮ್ಮಲ್ಲಿ ಯಾರನ್ನು ಬೇಕಾದರೂ ‘ವಿಚಾರಣೆಗೆ ಬಾ’ ಎಂದು ಕರೆಯಬಹುದಾದ್ದರಿಂದ ಹುಡುಕಿ ಓದಿದೆ.

ಮೊದಲ ನಿಯಮ ಸರಳ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲೇ ಇದ್ದ ಈ ನಿಯಮ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್‌ನಲ್ಲೂ ಇದೆ. ಬಂಧನ ಸಕ್ರಮವೋ ಅಕ್ರಮವೋ ಎಂಬ ಪ್ರಶ್ನೆಯೇ ಇಲ್ಲಿ ಬರುವುದಿಲ್ಲ. ಆಮಿಷ, ಬೆದರಿಕೆ, ಬಲವಂತದಿಂದ ಪಡೆದ ತಪ್ಪೊಪ್ಪಿಗೆಯನ್ನು 22ನೇ ಸೆಕ್ಷನ್ ತಳ್ಳಿಹಾಕುತ್ತದೆ. ದೋಷಾರೋಪ ಪಟ್ಟಿಯಲ್ಲಿ ಕಾಣುವ ‘ಸ್ವಇಚ್ಛಾ ಹೇಳಿಕೆ’ಯ ಹೆಸರು ಎಷ್ಟೇ ಚೆಂದವಿದ್ದರೂ, ಅದರಲ್ಲಿನ ತಪ್ಪೊಪ್ಪಿಗೆ ಪುರಾವೆಯಲ್ಲ.

ಎರಡನೆಯದು ಮ್ಯಾಜಿಸ್ಟ್ರೇಟರ ಮುಂದಿನ ತಪ್ಪೊಪ್ಪಿಗೆ. ಇದನ್ನು ಬಳಸಬಹುದು. ಆದರೆ ‘ನೀನು ಹೇಳಲೇಬೇಕೆಂದಿಲ್ಲ, ಹೇಳಿದರೆ ನಿನ್ನ ವಿರುದ್ಧವೇ ಬಳಕೆಯಾಗಬಹುದು’ ಎಂದು ಅವರು ಮೊದಲೇ ತಿಳಿಸಬೇಕು. ‘ಹೇಳಲಾರೆ’ ಎಂದವನನ್ನು ಪೊಲೀಸ್ ವಶಕ್ಕೆ ಮರಳಿ ಕೊಡುವಂತಿಲ್ಲ. ಇಲ್ಲಿ ಅಕ್ರಮ ಬಂಧನಕ್ಕೆ ಅರ್ಥ ಬರುತ್ತದೆ. ತಪ್ಪೊಪ್ಪಿಗೆಗೆ ಮುನ್ನ ಆರೋಪಿಯನ್ನು ದೀರ್ಘಕಾಲ ವಶದಲ್ಲಿಟ್ಟುಕೊಂಡು, ಅದಕ್ಕೆ ಸರಿಯಾದ ವಿವರಣೆ ಇಲ್ಲದಿದ್ದರೆ, ಅದು ಸ್ವಇಚ್ಛೆಯದೆಂದು ನಂಬಲಾಗದು ಎಂದು ಸುಪ್ರೀಂ ಕೋರ್ಟ್ 1950ರ ದಶಕದಲ್ಲೇ ನಾಥು ಪ್ರಕರಣದಲ್ಲಿ ಹೇಳಿದೆ.

ತೊಡಕಿರುವುದು ಮೂರನೆಯದರಲ್ಲಿ. ಮಾಗಡಿಯಲ್ಲಿ ಒಬ್ಬ ಹುಡುಗನನ್ನು ಹಿಡಿದರು ಎಂದಿಟ್ಟುಕೊಳ್ಳಿ. ‘ಬೈಕ್ ಕದ್ದೆ, ಮಂಚನಬೆಲೆ ಹತ್ತಿರ ಬೇಲಿ ಹಿಂದೆ ನಿಲ್ಲಿಸಿದ್ದೇನೆ’ ಅಂದ. ಬೈಕ್ ಅಲ್ಲೇ ಸಿಕ್ಕಿತು. ಆಗ ‘ಕದ್ದೆ’ ಎಂಬುದು ಬಿದ್ದುಹೋಗುತ್ತದೆ, ‘ಬೇಲಿ ಹಿಂದೆ ಇದೆ’ ಎಂಬುದು ಉಳಿಯುತ್ತದೆ. ಹಳೆಯ ಕಾಯ್ದೆಯ 27ನೇ ಸೆಕ್ಷನ್ ಈಗ 23ರಲ್ಲೇ ಸೇರಿದೆ. ಆರೋಪಿ ‘ಪೊಲೀಸ್ ವಶದಲ್ಲಿ’ ಇರಬೇಕು ಎಂದು ಅದು ಹೇಳುತ್ತದೆಯೇ ಹೊರತು, ಆ ವಶ ಸಕ್ರಮವಾಗಿರಬೇಕು ಎಂದು ಹೇಳುವುದಿಲ್ಲ. ಬಲವಂತದಿಂದ ಪಡೆದ ಮಾಹಿತಿಗೆ ಸಂವಿಧಾನದ 20(3)ನೇ ವಿಧಿಯ ತಡೆ ಇದೆ, ನಿಜ. ಆದರೆ ನಾಲ್ಕು ಗೋಡೆಗಳ ಒಳಗಿನ ಬಲವಂತವನ್ನು ಆ ಹುಡುಗ ಹೇಗೆ ತೋರಿಸಬೇಕು?

ಬಂಧನದ ವಿಷಯದಲ್ಲಿ ಕಾನೂನು ಈಚೆಗೆ ಬಿಗಿಯಾಗಿದೆ. ನಟ ದರ್ಶನ್ ಆರೋಪಿಯಾಗಿರುವ ಪ್ರಕರಣ ನಮ್ಮ ಬಸ್ಸು ದಿನವೂ ಹಾದುಹೋಗುವ ಕಾಮಾಕ್ಷಿಪಾಳ್ಯದ ಠಾಣೆಯಲ್ಲೇ ಶುರುವಾಗಿತ್ತು. ಅದರಲ್ಲಿ 2024ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಜಾಮೀನು ಕೊಟ್ಟಾಗ, ಬಂಧನದ ಕಾರಣವನ್ನು ಸಮಯಕ್ಕೆ ಸರಿಯಾಗಿ ಲಿಖಿತವಾಗಿ ಕೊಟ್ಟಿಲ್ಲ ಎಂಬುದೂ ಒಂದು ಅಂಶವಾಗಿತ್ತು. 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಆ ಜಾಮೀನು ರದ್ದುಮಾಡಿ, ಅದೊಂದೇ ಲೋಪದಿಂದ ಬಂಧನ ಅಸಿಂಧುವಾಗದು ಎಂದಿತು. ಆದರೆ ನವೆಂಬರ್ 6ರಂದು ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ, ಮುಂದಿನ ಬಂಧನಗಳಿಗೆ ಅನ್ವಯಿಸುವಂತೆ ಅದೇ ಕೋರ್ಟ್ ನಿಯಮ ಹಾಕಿತು: ಯಾವುದೇ ಅಪರಾಧವಿರಲಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಕಾರಣವನ್ನು ಬರೆದುಕೊಡಬೇಕು. ತಕ್ಷಣ ಆಗದಿದ್ದರೆ ರಿಮಾಂಡ್‌ಗೆ ಹಾಜರುಪಡಿಸುವ ಕನಿಷ್ಠ 2 ಗಂಟೆ ಮೊದಲಾದರೂ ಕೊಡಬೇಕು. ಇಲ್ಲವಾದರೆ ಬಂಧನ ಅಕ್ರಮ, ಬಿಡುಗಡೆಗೆ ಅರ್ಹ.

ಗಮನಿಸಿ, ಬಿಡುಗಡೆಯಾಗುವುದು ಮನುಷ್ಯನಿಗೆ. ಅವನ ಬಾಯಿಂದ ಸಿಕ್ಕ ಸುಳಿವು ಫೈಲಿನಲ್ಲೇ ಉಳಿಯುತ್ತದೆ. ಅಕ್ರಮವಾಗಿ ಸಿಕ್ಕಿತೆಂಬ ಒಂದೇ ಕಾರಣಕ್ಕೆ ಪುರಾವೆಯನ್ನು ಹೊರಗಿಡಲಾಗದು ಎಂದು ಆದಾಯ ತೆರಿಗೆ ಶೋಧಕ್ಕೆ ಸಂಬಂಧಿಸಿದ 1974ರ ಪೂರನ್ ಮಲ್ ತೀರ್ಪು ಹೇಳಿತ್ತು. ಅಮೆರಿಕದಲ್ಲಿ ಹಾಗಲ್ಲ. 1975ರ ಬ್ರೌನ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಅಕ್ರಮ ಬಂಧನಕ್ಕೂ ತಪ್ಪೊಪ್ಪಿಗೆಗೂ ನಡುವೆ ಎಷ್ಟು ಸಮಯ ಕಳೆದಿದೆ, ನಡುವೆ ಏನಾಯಿತು, ಪೊಲೀಸರ ತಪ್ಪು ಎಷ್ಟು ದೊಡ್ಡದು ಎಂದು ನೋಡಬೇಕೆಂದಿತು.

ನಮ್ಮಲ್ಲೂ ಈ ಮೂರು ಪ್ರಶ್ನೆ ಕೇಳುವುದು ಕಡ್ಡಾಯವಾಗಬೇಕು ಎಂಬುದು ನನ್ನ ಅಭಿಪ್ರಾಯ. ‘ಹಾಗಾದರೆ ತಾಂತ್ರಿಕ ಲೋಪದಿಂದ ಕೊಲೆಗಾರ ತಪ್ಪಿಸಿಕೊಳ್ಳುವುದಿಲ್ಲವೇ?’ ಎನ್ನಬಹುದು. ನ್ಯಾಯವಾದ ಪ್ರಶ್ನೆಯೇ. ಅದಕ್ಕೇ ಎಲ್ಲವನ್ನೂ ಬಿಸಾಡಿ ಎನ್ನುತ್ತಿಲ್ಲ. ಠಾಣೆಗಳಲ್ಲಿ ಧ್ವನಿಯೂ ದಾಖಲಾಗುವ ಸಿಸಿಟಿವಿ ಇರಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲೇ ಆದೇಶಿಸಿದೆ. ಶೋಧ, ಜಪ್ತಿಯ ವಿಡಿಯೊ ಹೊಸ ಕಾನೂನಿನಲ್ಲೇ ಇದೆ. ಸುಳಿವು ಕೊಟ್ಟ ಕ್ಷಣದ ದೃಶ್ಯವೂ ಬಂಧನದ ಸಮಯವೂ ಕೋರ್ಟಿನ ಮುಂದೆ ಬರಲಿ. ಸರಿಯಾಗಿ ಕೆಲಸ ಮಾಡಿದ ಪೊಲೀಸರಿಗೆ ಇದರಿಂದ ನಷ್ಟವಿಲ್ಲ.

ಅಲ್ಲಿಯವರೆಗೆ ನಾವು ನೆನಪಿಡಬೇಕಾದದ್ದು ಇಷ್ಟು: ಬಂಧನದ ಕಾರಣವನ್ನು ಬರೆದುಕೊಡಿ ಎಂದು ಕೇಳಿ. ಮನೆಯವರಿಗೆ ತಿಳಿಸುವುದು, ವಕೀಲರನ್ನು ಕಾಣುವುದು ನಿಮ್ಮ ಹಕ್ಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು. ಹೊಡೆದಿದ್ದರೆ, ಹೆದರಿಸಿದ್ದರೆ, ಅಂದೇ ಅವರಿಗೆ ಹೇಳಿ. ಬಸ್ಸಿನಲ್ಲಿ ‘ಅವನೇ ಒಪ್ಪಿಕೊಂಡನಂತೆ’ ಎಂಬ ಮಾತು ಬಂದಾಗ ನಾನೀಗ ‘ಯಾರ ಮುಂದೆ?’ ಎಂದು ಕೇಳುತ್ತೇನೆ.