ಕಡಬ ಪಾಸು, ಪುತ್ತೂರು-ಸುಳ್ಯ ಫೇಲು!



ಒಂದು ಪರೀಕ್ಷೆ ಮಾಡಿ ನೋಡಿ. ನಿಮ್ಮೂರಿನ ಶಾಲೆಯಲ್ಲೋ ಮನೆಯಲ್ಲೋ ಗಣಕವಿದ್ದರೆ ಅದರಲ್ಲಿ ಪೈಥಾನ್ ತೆರೆಯಿರಿ. ‘ಕಡಬ’ ಎಂದು ಕನ್ನಡದಲ್ಲೇ ಬರೆದು, ಇದರಲ್ಲಿ ಇರುವುದೆಲ್ಲ ಅಕ್ಷರಗಳೇ ಎಂದು ಕೇಳಿ. ಹಾಗೆ ಕೇಳುವ ಆಜ್ಞೆಯ ಹೆಸರು ಈಸ್‌ಆಲ್ಫಾ. ಗಣಕ ‘ಹೌದು’ ಎನ್ನುತ್ತದೆ. ‘ಪುತ್ತೂರು’ ಎಂದು ಕೇಳಿ. ‘ಅಲ್ಲ’! ‘ಸುಳ್ಯ’? ಅದೂ ‘ಅಲ್ಲ’! ಕೊನೆಗೆ ‘ಕನ್ನಡ’ ಎಂಬ ಪದವನ್ನೇ ಕೊಟ್ಟು ನೋಡಿ. ನಮ್ಮ ನುಡಿಯ ಹೆಸರೇ ಅಕ್ಷರಗಳಿಂದ ಆದದ್ದಲ್ಲವಂತೆ!

ಪುತ್ತೂರು-ಸುಳ್ಯಗಳಿಂದ ಬೇರೆಯಾದ ಹೊಸ ತಾಲೂಕು ಮಾತ್ರ ಪಾಸಾದದ್ದು ಹೇಗೆ? ಕಡಬ ಎಂಬ ಹೆಸರಿನಲ್ಲಿ ಕೊಂಬು, ದೀರ್ಘ, ಒತ್ತು ಯಾವುದೂ ಇಲ್ಲ. ಬರಿಯ ಮೂರು ವ್ಯಂಜನ. ಪುತ್ತೂರಿಗೆ ಕೊಂಬುಂಟು, ಒತ್ತುಂಟು. ಪೈಥಾನ್‌ನ ಒಳಗಿನ ಪಟ್ಟಿಯಲ್ಲಿ ಕೊಂಬು, ಗುಡಿಸು, ಒತ್ತು ಕೊಡುವ ಚಿಹ್ನೆ ಇವೆಲ್ಲ ಅಕ್ಷರದ ಸಾಲಿನಲ್ಲಿ ಇಲ್ಲ; ‘ಗುರುತು’ಗಳೆಂಬ ಬೇರೆ ಪಂಕ್ತಿಯಲ್ಲಿ ಕೂತಿವೆ. ಊಟಕ್ಕೆ ಕರೆದು ಅಂಗಳದಲ್ಲಿ ಎಲೆ ಹಾಕಿದ ಹಾಗೆ! ಎಷ್ಟು ಅಕ್ಷರ ಎಂದು ಕೇಳಿದರೆ ಸುಳ್ಯಕ್ಕೆ 5, ಪುತ್ತೂರಿಗೆ 8 ಎನ್ನುತ್ತದೆ. ಒಂದನೇ ತರಗತಿಯ ಮಗುವನ್ನು ಕೇಳಿ, ಎರಡು ಮತ್ತು ಮೂರು ಎಂದು ಬೆರಳು ಮಡಚಿ ಹೇಳುತ್ತದೆ.

ಇದರಿಂದ ನಮಗೇನು ನಷ್ಟ ಎನ್ನುತ್ತೀರಾ? ಹೆಸರಿನಲ್ಲಿ ಅಕ್ಷರ ಮಾತ್ರ ಇದೆಯೇ ಎಂದು ನೋಡಲು ಈ ಆಜ್ಞೆಯನ್ನೇ ನಂಬಿ ಬರೆದ ಯಾವ ಅರ್ಜಿ ನಮೂನೆಯಾದರೂ ‘ಕಮಲ’ನನ್ನು ಒಳಗೆ ಬಿಟ್ಟು ‘ಕಮಲಾಕ್ಷ’ನನ್ನು ಹೊರಗೆ ನಿಲ್ಲಿಸುತ್ತದೆ. ಪದಗಳನ್ನು ಹೆಕ್ಕುವ ಕಾರ್ಯಕ್ರಮವು ಸುಳ್ಯವನ್ನು ಸ, ಳ, ಯ ಎಂದು ಮೂರು ತುಂಡು ಮಾಡುತ್ತದೆ. ಪದಗಳನ್ನು ಜೋಡಿಸು ಎಂದರೆ ‘ಕಸ’ಕ್ಕಿಂತ ಮೊದಲು ‘ಕಳಸ’ ಬರುತ್ತದೆ. ಏಕೆಂದರೆ ಯೂನಿಕೋಡ್ ಕೋಷ್ಟಕದಲ್ಲಿ ಳ ಕೂತಿರುವುದು ಲ ಪಕ್ಕದಲ್ಲಿ. ನಮ್ಮ ವರ್ಣಮಾಲೆಯಲ್ಲಿ ಅದರ ಜಾಗ ಹ ಆದ ಮೇಲೆ.

ನಾವು ಅಂಗಡಿಯ ಫಲಕಕ್ಕೆ ಹೋರಾಡಿದೆವು, ಬ್ಯಾಂಕಿನ ಚಲನ್‌ಗೆ ಹೋರಾಡಿದೆವು. ಫಲಕಕ್ಕೆ ಮಸಿ ಬಳಿಯುವುದು ಒಂದು ಬೆಳಗಿನ ಕೆಲಸ. ಈ ಪಟ್ಟಿಗೆ ಮಸಿ ಬಳಿಯಲು ಬಾರದು. ಆದರೆ ತಿದ್ದಲು ಬರುತ್ತದೆ!

ಹೇಗೆ? ಪೈಥಾನ್ ಎಂಬುದು ಒಂದು ಇಂಟರ್‌ಪ್ರಿಟರ್, ಅಂದರೆ ದುಭಾಷಿ. ನಾವು ಬರೆದದ್ದನ್ನು ಯಂತ್ರಕ್ಕೆ ತಿಳಿಸಿ ಹೇಳುವುದು ಅದರ ಕೆಲಸ. ನೆದರ್ಲೆಂಡ್ಸ್‌ನ ಗೈಡೋ ವಾನ್ ರೋಸಮ್ 1991ರಲ್ಲಿ ಇದನ್ನು ಹೊರತಂದರು. ಇದರ ಮೂಲ ಸಂಕೇತ, ಸೋರ್ಸ್ ಕೋಡ್ ಎನ್ನುತ್ತಾರಲ್ಲ ಅದು, ಎಲ್ಲರಿಗೂ ತೆರೆದಿದೆ. ಕಾಸು ಕೊಡಬೇಕಿಲ್ಲ, ಯಾರ ಅಪ್ಪಣೆಯೂ ಬೇಡ. ಅಡಿಕೆ ಕೃಷಿಕರಿಗೆ ಇದನ್ನು ಬಿಡಿಸಿ ಹೇಳಬೇಕೇ? ನರ್ಸರಿಯ ಸಸಿ ತಂದರೆ ಅವರು ಕೊಟ್ಟ ತಳಿಯೇ ಗತಿ. ಬೀಜದಡಿಕೆ ಆರಿಸಿ ಮಡಿ ಮಾಡಿದರೆ ತಳಿ ನಮ್ಮ ಕೈಯಲ್ಲಿ.

ಮಡಿ ಮಾಡುವ ಕ್ರಮ ಕೇಳಿ. ಮೂಲದ ಕಟ್ಟು 25 ಎಂಬಿಗೂ ಕಡಿಮೆ. ಲಿನಕ್ಸ್ ಗಣಕದಲ್ಲಿ ಅದನ್ನು ಬಿಚ್ಚಿ, ಆ ಕಡತಕೋಶದ ಒಳಗೆ ಹೋಗಿ ‘ಕಾನ್ಫಿಗರ್’ ಎಂಬ ಕಾರ್ಯಕ್ರಮ ಓಡಿಸಬೇಕು. ಅದು ಮನೆ ಕಟ್ಟುವ ಮೇಸ್ತ್ರಿಯ ಹಾಗೆ ಕಲ್ಲುಂಟೋ, ಮರಳುಂಟೋ ಎಂದು ಸುತ್ತ ನೋಡಿ, ಸಿ ಭಾಷೆಯ ಕಂಪೈಲರ್ ಇದೆಯೇ ಎಂದು ಪರೀಕ್ಷಿಸಿ, ಕೆಲಸದ ಪಟ್ಟಿ ಬರೆದಿಡುತ್ತದೆ. ‘ಪ್ರಿಫಿಕ್ಸ್’ ಎಂಬ ಸೂಚನೆಯಲ್ಲಿ ನಿಮ್ಮದೇ ಕೋಶದ ಹೆಸರು ಕೊಡಿ. ಆಗ ಗಣಕದ ಯಜಮಾನನ ಗುಪ್ತಪದ ಬೇಕಾಗದು. ಓಪನ್‌ಎಸ್‌ಎಸ್‌ಎಲ್, ಝಡ್‌ಲಿಬ್ ಇವುಗಳ ಡೆವಲಪ್‌ಮೆಂಟ್ ಕಡತಗಳನ್ನು ಮೊದಲೇ ಹಾಕಿಸಿಕೊಳ್ಳಿ. ಹೆಚ್ಚಿನವರು ಎಡವುವುದು ಇಲ್ಲೇ. ಅವಿಲ್ಲದೆಯೂ ಪೈಥಾನ್ ಸಿದ್ಧವಾದಂತೆ ಕಾಣುತ್ತದೆ, ಆಮೇಲೆ ಅಂತರಜಾಲದಿಂದ ಏನನ್ನಾದರೂ ತರಿಸಲು ಹೊರಟಾಗ ಕೈಕೊಡುತ್ತದೆ. ಆಮೇಲೆ ‘ಮೇಕ್’. ಮಳೆಗಾಲದಲ್ಲಿ ನಡುವೆ ಕರೆಂಟು ಹೋದರೆ ಹೆದರಬೇಡಿ (ಹೋಗದೆ ಇರುತ್ತದೆಯೇ?). ಮತ್ತೆ ‘ಮೇಕ್’ ಎಂದರೆ ಆದದ್ದನ್ನು ಬಿಟ್ಟು ಉಳಿದದ್ದನ್ನು ಮುಂದುವರಿಸುತ್ತದೆ. ಕಡೆಗೆ ‘ಮೇಕ್ ಆಲ್ಟ್‌ಇನ್‌ಸ್ಟಾಲ್’. ಬರಿಯ ‘ಇನ್‌ಸ್ಟಾಲ್’ ಎಂದರೆ ‘ಪೈಥಾನ್3’ ಎಂಬ ಹೆಸರನ್ನೂ ಹೊಸತು ತನ್ನದಾಗಿಸಿಕೊಂಡು, ಹಳೆಯದನ್ನು ನೆಚ್ಚಿದ ಕೆಲಸಗಳಿಗೆ ತೊಡಕಾದೀತು.

ಇನ್ನು ತಿದ್ದುವ ಜಾಗ. ಮೂಲದೊಳಗೆ ‘ಮೇಕ್‌ಯೂನಿಕೋಡ್‌ಡೇಟಾ’ ಎಂಬ ಕಡತವಿದೆ. ಯಾವುದು ಅಕ್ಷರ ಎಂದು ತೀರ್ಮಾನಿಸುವುದು ಅದರ ಒಂದೇ ಒಂದು ಸಾಲು. ಐದು ವರ್ಗಗಳ ಹೆಸರು ಅದರಲ್ಲಿವೆ. ಗುರುತುಗಳ ವರ್ಗಗಳನ್ನೂ ಅಲ್ಲಿ ಸೇರಿಸಿ, ಪಟ್ಟಿಯನ್ನು ಮತ್ತೆ ಹುಟ್ಟಿಸಿ, ಮತ್ತೆ ‘ಮೇಕ್’ ಮಾಡಿದರೆ ಪುತ್ತೂರೂ ಪಾಸು, ಸುಳ್ಯವೂ ಪಾಸು!

ತುಳು ಮಾತಾಡುವ ಬಂಧುಗಳಿಗೂ ಒಂದು ಮಾತು. ತುಳು-ತಿಗಳಾರಿ ಲಿಪಿ ಯೂನಿಕೋಡ್ ಸೇರಿದ್ದು 2024ರ 16ನೇ ಆವೃತ್ತಿಯಲ್ಲಿ. ಪೈಥಾನ್ ಅದನ್ನು ಗುರುತಿಸತೊಡಗಿದ್ದು 2025ರಲ್ಲಿ ಬಂದ 3.14ರಿಂದ. ಉಬುಂಟು 24.04ರ ಜೊತೆ ಬರುವುದೋ 3.12. ಅಂಥ ಗಣಕದ ಪೈಥಾನ್‌ಗೆ ತುಳು ಅಕ್ಷರ ಇನ್ನೂ ಅಪರಿಚಿತ. ಹೊಸದನ್ನು ಮೂಲದಿಂದ ಕಟ್ಟಿಕೊಳ್ಳಲು ಇದೂ ಒಂದು ಕಾರಣ.

ಇಷ್ಟೆಲ್ಲ ಹಳ್ಳಿಯ ಕನ್ನಡ ಶಾಲೆಯ ಮಕ್ಕಳಿಗೆ ಅರ್ಥವಾದೀತೇ ಎಂಬವರಿಗೆ ನಮ್ಮ ಉತ್ತರ ಇದು. ಶಿವರಾಮ ಕಾರಂತರು ಪುತ್ತೂರಿನಲ್ಲಿ ನೆಲೆಸಿದ್ದವರು. ‘ಬಾಲ ಪ್ರಪಂಚ’ವನ್ನೂ ‘ವಿಜ್ಞಾನ ಪ್ರಪಂಚ’ವನ್ನೂ ಬರೆಯುವ ಮೊದಲು ಇಂಗ್ಲಿಷ್ ಕಲಿತು ಬನ್ನಿ ಎಂದು ಅವರು ಓದುಗರಿಗೆ ಹೇಳಲಿಲ್ಲ. ಮಕ್ಕಳಿಗಾಗಿ ಲೋಗೋ ಭಾಷೆಯನ್ನು ಯು.ಬಿ. ಪವನಜ ಕನ್ನಡದಲ್ಲೇ ಮಾಡಿ ತೋರಿಸಿದ್ದಾರೆ.

ಒಂದು ತೊಡಕು ಮಾತ್ರ ಇದೆ, ಮುಚ್ಚಿಡುವುದಿಲ್ಲ. ನಿಮ್ಮ ಗಣಕದಲ್ಲಿ ತಿದ್ದಿದರೆ ನಿಮ್ಮ ಗಣಕಕ್ಕಷ್ಟೇ ಆಯಿತು. ಲೋಕಕ್ಕೆಲ್ಲ ಆಗಬೇಕಾದರೆ ಆ ತಿದ್ದುಪಡಿಯನ್ನು ಪೈಥಾನ್ ನಡೆಸುವವರ ಮುಂದೆ ಇಡಬೇಕು. ಹಳೆಯ ಕಾರ್ಯಕ್ರಮಗಳು ಕೆಟ್ಟಾವು ಎಂದು ಅವರು ಆಕ್ಷೇಪಿಸಿಯಾರು, ಆ ಆಕ್ಷೇಪದಲ್ಲಿ ಹುರುಳೂ ಇದೆ. ಗುಣಿತದ ಸ್ವರಚಿಹ್ನೆಗಳನ್ನು ಯೂನಿಕೋಡಿನ ನಿಯಮವೇ ಅಕ್ಷರಗುಣದವು ಎಂದು ಒಪ್ಪಿದೆ ಎಂಬುದು ನಮ್ಮ ಕಡೆಯ ಬಲವಾದ ವಾದ. ಒತ್ತು ಕೊಡುವ ಚಿಹ್ನೆಗೆ ಆ ಮಾನ್ಯತೆಯಿಲ್ಲ, ಅದಕ್ಕೆ ಬೇರೆಯೇ ವಾದ ಹೂಡಬೇಕು. ಅದನ್ನು ಬರೆಯಬಲ್ಲ ಹುಡುಗ ಹುಡುಗಿಯರು ಸುಳ್ಯ, ಪುತ್ತೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇದ್ದಾರೆ. ಓದಿ ಮುಗಿದ ಮೇಲೆ ಈ ಪತ್ರಿಕೆಯನ್ನು ಅವರ ಕೈಗೆ ದಾಟಿಸಿ.