ಮಣ್ಣಿನ ಮಗಳು

ವಂಡರ್ ವುಮನ್ ಅಂದ್ರ ನಮ್ಮ ಮಂದಿಗೆ ಸಿನೆಮಾ ನೆನಪಾಗ್ತದ. ಆದ್ರ ಆಕಿ ಅಮೆರಿಕಾದ ಕಾಮಿಕ್ಸ್ ಪುಸ್ತಕದಾಗ 1941ರಲ್ಲೇ ಹುಟ್ಟಿದಾಕಿ, ಅಂದ್ರ ನಮ್ಮ ಅತ್ತಿಯವರ ವಾರಿಗಿಯಾಕಿ! ನಮ್ಮ ಅಕ್ಕನ ಮಗಳು ಆ ಪುಸ್ತಕ ಕೂಡಿಸಿಟ್ಟಾಳ, ಮಧ್ಯಾಹ್ನದ ಹೊತ್ತು ನಾನೂ ಓದ್ತಿರ್ತೇನಿ. ಎಂಬತ್ತು ವರ್ಷದಾಗ ಬರಿಯೋವರು ಬದಲಾಧಂಗ ಆಕೀ ಕಥಿನೂ ಬದಲಾಗೇದ. ಅದಕ್ಕ ನನ್ನ ತಕರಾರಿಲ್ಲ. ಒಂದ ಬದಲಾವಣಿ ಮಾತ್ರ ನನಗ ಒಗ್ಗಿಲ್ಲ ನೋಡ್ರಿ.

ಮೊದಲಿನ ಕಥಿ ವಿಲಿಯಂ ಮೌಲ್ಟನ್ ಮಾರ್ಸ್ಟನ್ ಅನ್ನೋ ಮನಶ್ಶಾಸ್ತ್ರಜ್ಞ ಬರದದ್ದು. ಗಂಡಸರೇ ಇಲ್ಲದ ಒಂದು ನಡುಗಡ್ಡಿ, ಅಲ್ಲೆ ಹಿಪ್ಪೊಲಿಟಾ ಅನ್ನೋ ರಾಣಿ. ಆಕಿಗೆ ಅಥೀನಾ ದೇವಿ ಮಣ್ಣಿನಾಗ ಮೂರ್ತಿ ಮಾಡೋದು ಕಲಸ್ತಾಳ. ರಾಣಿ ಒಂದು ಕೂಸಿನ ಗೊಂಬಿ ಮಾಡ್ತಾಳ, ಆಫ್ರೊಡೈಟಿ ದೇವಿ ಅದಕ್ಕ ಜೀವ ತುಂಬ್ತಾಳ. ಆ ಕೂಸೇ ಡಯಾನಾ, ಮುಂದ ವಂಡರ್ ವುಮನ್. ಅಪ್ಪ ಅನ್ನಾಂವ ಆಕಿಗೆ ಇಲ್ಲೇ ಇಲ್ಲ. ಪಾರ್ವತಿ ತನ್ನ ಮೈಮ್ಯಾಲಿನ ಅರಿಷಿಣದಿಂದ ಗಣಪ್ಪನ್ನ ಮಾಡಿದ ಕಥಿ ಕೇಳಿ ಬೆಳದ ನಮಗ ಇದೇನು ವಿಚಿತ್ರ ಅನಸೂದಿಲ್ಲ.

ಆಮ್ಯಾಲೆ ಆಕಿಗೆ ಏನೇನು ರೂಪ ಕೊಟ್ರು ಅಂತೀರಿ! 1942ರಾಗ ಶೂರರ ಸಂಘಕ್ಕ ಸೇರಿಸಿಕೊಂಡು ಕಾರ್ಯದರ್ಶಿ ಮಾಡಿದ್ರು. ಗಂಡಸರು ಕಾಳಗಕ್ಕ ಹೋದಾಗ ಈಕಿ ಹಿಂದ ಉಳೀಬೇಕು. 1968ರಾಗ ಶಕ್ತಿ ಎಲ್ಲಾ ತಗದು ಬಟ್ಟಿ ಅಂಗಡಿ ಇಡಿಸಿದ್ರು. 1972ರಾಗ ಗ್ಲೋರಿಯಾ ಸ್ಟೈನೆಮ್ ಮತ್ತ ಅವರ ಗೆಳತ್ಯಾರು ‘ಮಿಸ್’ ಪತ್ರಿಕಿ ಮುಖಪುಟದಾಗ ಆಕೀ ಹಳೇ ವೇಷದ ಚಿತ್ರ ಹಾಕಿದ್ರು. ಮರುವರ್ಷ ಕಥಿಯೊಳಗೂ ಶಕ್ತಿ ತಿರುಗಿ ಬಂತು. ಆ ವರ್ಷನೇ ನೂಬಿಯಾ ಬಂದ್ಲು, ರಾಣಿ ಕರೇ ಮಣ್ಣಿನಿಂದ ಮಾಡಿದ ಇನ್ನೊಬ್ಬ ಮಗಳು. ‘ಎರಡನೇ ಭೂಮಿ’ ಅನ್ನೋ ಬ್ಯಾರೆ ಲೋಕದ ಡಯಾನಾ ಲಗ್ನಾಗಿ ಲೈಟಾ ಅನ್ನೋ ಮಗಳನ್ನ ಹಡದ್ಲು. ಇನ್ನೊಂದು ಕಥಿಯೊಳಗ ಅವ್ವ ಹಿಪ್ಪೊಲಿಟಾನೇ ಮಗಳ ವೇಷ ತೊಟ್ಟು ಕಾಳಗಕ್ಕ ನಿಂತ್ಲು. ಶಕ್ತಿ ಹೋತು, ಬಂತು. ಅವ್ವ-ಮಗಳ ಎಳಿ ಮಾತ್ರ ಹರೀಲಿಲ್ಲ.

2011ರಾಗ ಬ್ರಯನ್ ಅಝರೆಲೊ ಬರಿಯೋದಕ್ಕ ಕೂತ್ರು. ಮಣ್ಣಿನ ಕಥಿನೇ ಸುಳ್ಳಂತ! ಡಯಾನಾ ಖರೇ ಅಂದ್ರ ಝಿಯಸ್ ದೇವರ ಮಗಳಂತ. ಅವನ ಹೇಣತಿ ಹೀರಾನ ಸಿಟ್ಟಿಗೆ ಅಂಜಿ ರಾಣಿ ಸುಳ್ಳು ಹೇಳಿದ್ಲಂತ. 2017ರ ಸಿನೆಮಾನೂ ಆಕಿನ್ನ ಝಿಯಸ್‌ನ ಮಗಳನ್ನೇ ಮಾಡ್ತು.

‘ಅಪ್ಪ ದೇವರಾದ್ರ ತಪ್ಪೇನು ಮಾವಶಿ? ದೇವರೆಲ್ಲಾ ಬಳಗ ಆಗಿ ಕಥಿಗೆ ರಂಗ ಬಂತಲ್ಲ’ ಅಂತಾಳ ನಮ್ಮ ಹುಡುಗಿ. ರಂಗೇನೋ ಬಂತವಾ, ನಾನೂ ಒಂದ ಪಟ್ಟಿಗೆ ಕೂತು ಓದೇನಿ. ಆದ್ರ ಮೊದಲು ಆ ಹುಡುಗಿ ಹುಟ್ಟಿದ್ದು ಕೂಸು ಬೇಕು ಅಂತ ಮಣ್ಣು ನಾದಿದ ಅವ್ವನ ಕೈಯಿಂದ. ಈಗ ಆಕೀ ಶಕ್ತಿ ಅಪ್ಪನ ರಕ್ತದಿಂದ ಬಂದದ್ದಾತು, ಅವ್ವನ ಪಾಲಿಗೆ ಸುಳ್ಳು ಉಳೀತು.

ನಮ್ಮ ಮನಿಗಳ ಲೆಕ್ಕನೂ ಹಿಂಗ ಅಲ್ಲೇನ್ರಿ? ಮಗಳು ಛೊಲೊ ಮಾರ್ಕ್ಸ್ ತಂದ್ರ ‘ಅಪ್ಪನ ಬುದ್ಧಿ ಬಂದದ’. ಸಾರಿಗೆ ಉಪ್ಪು ಹೆಚ್ಚಾದ್ರ ‘ಅವ್ವ ಏನು ಕಲಿಸ್ಯಾಳ?’ ಬೆಳಗಿನ ಐದಕ್ಕ ಎದ್ದು ಓದಲಿಕ್ಕೆ ಎಬ್ಬಿಸಿದಾಕಿ, ಪರೀಕ್ಷಾ ಕಾಲಕ್ಕ ಜೋಡಿ ಕೂತು ನಿದ್ದಿಗೆಟ್ಟಾಕಿ ಯಾರ ಲೆಕ್ಕಕ್ಕೂ ಇಲ್ಲ.

ಕಥಿ ನೂರು ಥರಾ ಹೇಳಲಿ, ಬ್ಯಾಡ ಅನ್ನೂದಿಲ್ಲ. ನಿಮ್ಮ ಮನಿ ಹುಡುಗ್ಯಾರು ಆ ಸಿನೆಮಾ ನೋಡಿದ್ರ ಮಣ್ಣಿನ ಕಥಿನೂ ಒಮ್ಮೆ ಕೂಡಿಸಿಕೊಂಡು ಹೇಳ್ರಿ. ಕೇಳಿದ ಮ್ಯಾಲೆ ಯಾವುದು ಬೇಕೋ ಅವರೇ ಆರಿಸಿಕೊಳ್ಳಲಿ.